ಹೊಳಪಿಗೆ ಮುನ್ನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸೀಮೆ ಸುಣ್ಣಕಲ್ಲಿನ ಸೀಮೆ. ನೆಲದಿಂದ ಪದರುಪದರಾಗಿ ಎಬ್ಬಿಸಿದ ಫರಸಿಯೇ ಇಲ್ಲಿ ಪಡಸಾಲೆಗೆ ಹಾಸು, ಕಟ್ಟೆಗೆ ಹೊದಿಕೆ. ಕಾಡೆಂಬುದನ್ನು ಕಾಣಬೇಕಾದರೆ ರೈಲು ಮುಟ್ಟದ ಚಿಂಚೋಳಿಯ ಕಡೆಗೆ ಹೋಗಬೇಕು. ಇಂಥ ಸೀಮೆಯ ಕೈಗಳಿಗೆ ತಿಕ್ಕುವುದೆಂದರೆ ಒಂದೇ ಅರ್ಥ: ಹೊಳಪು ಬರುವ ತನಕ ತಿಕ್ಕುವುದು.

ವಾಡಿಯ ಒಂದು ಮನೆಗೆ ಗಿಟಾರಿನ ಬಿಡಿಭಾಗಗಳ ಪೆಟ್ಟಿಗೆ ಬಂದಾಗ ಈ ಅರ್ಥವೇ ಪೇಚಿಗೆ ಸಿಕ್ಕಿತು. ಎರಡು ವರ್ಷ ಹಣ ಕೂಡಿಟ್ಟು ಅದನ್ನು ತರಿಸಿದವನು ಅಳಿಯ. ನೆರವಿಗೆ ಬಂದವರು ಶಹಾಬಾದಿನಲ್ಲಿ ಮೂವತ್ತು ವರ್ಷ ಫರಸಿ ಪಾಲಿಶ್ ಮಾಡಿದ ಸೋದರಮಾವ. ಒಂದು ಬಕೀಟು ನೀರು, ಒಂದು ತಿಕ್ಕುವ ಕಲ್ಲು ಜೊತೆಗಿಟ್ಟುಕೊಂಡೇ ಅವರು ಕುಳಿತರು. ಅಳಿಯನ ಎದೆ ಧಸಕ್ಕೆಂದಿತು.

ಅದು ಟೊಳ್ಳು ಒಡಲಿನ ಗಿಟಾರು. ಉಬ್ಬಿದ ಎದೆ, ಪಿಟೀಲಿಗಿರುವಂತೆ ಎರಡು ಬಳುಕಿದ ರಂಧ್ರಗಳು. ಉಬ್ಬೆದೆಯ ಗಿಟಾರನ್ನೇ ಮಾರ್ಪಡಿಸಿ ವಿಶ್ವಮೋಹನ ಭಟ್ಟರು ಮೋಹನವೀಣೆಯನ್ನು ರೂಪಿಸಿದರು. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. 1922ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಹೊರತಂದ ಎಲ್-5 ಗಿಟಾರಿನ ಎದೆಯನ್ನು ಇಡೀ ಮರದಿಂದ ಕೆತ್ತುತ್ತಿದ್ದರು. ಪೆಟ್ಟಿಗೆಯಲ್ಲಿ ಬರುವ ಅಗ್ಗದ ಒಡಲು ಹಾಗಲ್ಲ. ಅದು ತೆಳು ಹಾಳೆಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿದ್ದು. ಕಣ್ಣಿಗೆ ಕಾಣುವ ಚೆಂದದ ಹಾಳೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ. ಅದು ಸವೆದುಹೋದರೆ ಕೆಳಗಿನ ಪದರದ ಅಡ್ಡ ಎಳೆಗಳು ಹಲ್ಲು ಕಿರಿಯುತ್ತವೆ. ಆಮೇಲೆ ದಟ್ಟ ಬಣ್ಣ ಬಳಿದು ಮುಚ್ಚುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಕಲ್ಲು ತಪ್ಪನ್ನು ಕ್ಷಮಿಸುತ್ತದೆ, ಇನ್ನೊಂದು ಪದರು ತಿಕ್ಕಿದರಾಯಿತು. ಈ ಹಾಳೆಗೆ ಆ ಔದಾರ್ಯವಿಲ್ಲ.

ಹೀಗಾಗಿ ಒರಟು ಕಾಗದವನ್ನು ಮುಟ್ಟುವಂತೆಯೇ ಇಲ್ಲ. 220ನೆಯ ನಂಬರಿನ ಪಾಲಿಶ್ ಪೇಪರಿನಿಂದ ಆರಂಭ. ಸಮತಟ್ಟಾದ ಕಡೆ ಕಾಗದದ ಹಿಂದೆ ಬಿರಡೆಯ ತುಂಡು, ಉಬ್ಬಿನ ಮೇಲೆ ಬರಿಯ ಅಂಗೈ. ಯಾವಾಗಲೂ ಮರದ ಎಳೆಯ ಗುಂಟವೇ, ಅಡ್ಡಲಾಗಿ ಎಂದೂ ಇಲ್ಲ. ಅಂಚುಗಳಲ್ಲಿ ಕೈ ತಾನಾಗಿ ಭಾರವಾಗುತ್ತದೆ; ಹಾಳೆ ಹರಿಯುವುದೂ ಅಲ್ಲಿಯೇ. ಒಡಲು ಟೊಳ್ಳಾದ್ದರಿಂದ ಒತ್ತಿದರೆ ಎದೆ ಕೊಂಚ ಕುಗ್ಗಿ, ಕಾಗದ ಒಂದೊಂದು ಕಡೆ ಒಂದೊಂದು ಬಗೆಯಾಗಿ ತಿನ್ನುತ್ತದೆ.

“ಇನ್ನಾ ಹೊಳಪು ಬಂದಿಲ್ಲಲ್ಲೋ?” ಎಂದರು ಮಾವ.

“ಬರಬಾರದು ಮಾವಾ. ಸಾಕು, ತಿಕ್ಕಬ್ಯಾಡ್ರಿ.”

ಮಾವನಿಗೆ ಇದು ವಿಚಿತ್ರವಾಗಿ ಕಂಡದ್ದು ಸಹಜ. ಫರಸಿಯ ಹೊಳಪು ಕಲ್ಲಿನೊಳಗೇ ಇದೆ. ನೀರು ಬಿಟ್ಟುಕೊಂಡು ಹೆಚ್ಚು ಹೆಚ್ಚು ನಯವಾದ ಕಲ್ಲಿನಿಂದ ತಿಕ್ಕಿದಷ್ಟೂ ಅದು ಮೇಲೆ ಬರುತ್ತದೆ. ಮರದ ಹೊಳಪು ಬರುವುದು ಮೇಲೆ ಹಚ್ಚುವ ಲೇಪದಿಂದ. ಮರವನ್ನು ಅತಿಯಾಗಿ ನುಣುಪುಗೊಳಿಸಿದರೆ ಅದು ಬಣ್ಣವನ್ನು ಸರಿಯಾಗಿ ಹೀರದು. ಆದ್ದರಿಂದ 320ಕ್ಕೆ ನಿಲ್ಲಿಸಿ, ಮರದಲ್ಲಿ ಸ್ವಲ್ಪ ದಾಹವನ್ನು ಉಳಿಸಬೇಕು. ನಿಲ್ಲಿಸುವುದು ಕಷ್ಟದ ವಿದ್ಯೆ, ಅದರಲ್ಲೂ ಮೂವತ್ತು ವರ್ಷ ನಿಲ್ಲಿಸದೆ ತಿಕ್ಕಿದ ಕೈಗೆ.

ಬಕೀಟಿನ ನೀರು ಮಾತ್ರ ವ್ಯರ್ಥವಾಗಲಿಲ್ಲ. ಬಟ್ಟೆಯನ್ನು ಹಿಂಡಿ, ಒದ್ದೆಯಾಗಿ ಒಮ್ಮೆ ಸವರಿದರೆ ಮಲಗಿದ್ದ ಎಳೆಗಳು ಮುಳ್ಳಿನಂತೆ ನಿಲ್ಲುತ್ತವೆ. ಒಣಗಿದ ಮೇಲೆ ಹಗುರವಾಗಿ ಕಾಗದವಾಡಿಸಿ ತೆಗೆದರೆ ಲೇಪ ಹಚ್ಚುವಾಗ ಮತ್ತೆ ಏಳುವುದು ಕಡಿಮೆ.

ಆ ಬಳಿಕ ಮಾವ ಕಣ್ಣು ಮುಚ್ಚಿ ಒಡಲಿನ ಮೇಲೆಲ್ಲ ಬೆರಳಾಡಿಸಿದರು. ಕತ್ತಿನ ಗೂಡಿನ ಬಳಿ ಹೆಬ್ಬೆರಳು ನಿಂತಿತು. “ಇಲ್ಲೇನೋ ಐತಿ” ಎಂದರು. ಅಳಿಯನ ಕಣ್ಣಿಗೆ ಏನೂ ಕಾಣಲಿಲ್ಲ. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಸುತ್ತಲಿನ ಮರ ಕಪ್ಪೇರಿತು. ನಡುವೆ ರೂಪಾಯಿಯಗಲ ಬಿಳಿಚಿ ಉಳಿಯಿತು. ಒಣಗಿದ ಅಂಟು! ಬಣ್ಣ ಹಚ್ಚಿದ ಮೇಲೆ ಕಂಡಿದ್ದರೆ ಅದು ಗಿಟಾರಿನ ಆಯುಷ್ಯವಿಡೀ ತೊನ್ನಿನಂತೆ ಉಳಿಯುತ್ತಿತ್ತು. ಅದನ್ನು ಅಳಿಯ ಹರಿತವಾದ ಬ್ಲೇಡಿನ ಅಂಚಿನಿಂದ ಉಸಿರು ಬಿಗಿಹಿಡಿದು ಹೆರೆದ. ಮಾವ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ನೇರ ಬೆಳಕಿನಲ್ಲಿ ಅಡಗುವ ಗೀರುಗಳು ಓರೆಬೆಳಕಿನಲ್ಲಿ ಅಡಗವು.

ಕತ್ತು ಕೂಡುವ ಗೂಡಿಗೆ ಕಾಗದದ ಪಟ್ಟಿ ಅಂಟಿಸಿದರು, ಏಕೆಂದರೆ ಅಲ್ಲಿ ಲೇಪ ಬಿದ್ದರೆ ಅಂಟು ಹಿಡಿಯದು. ಎರಡು ರಂಧ್ರಗಳಿಗೂ ಕಾಗದ ತುರುಕಿದರು. ಅಂಗಳದಲ್ಲಿ ಧೂಳಿದ್ದುದರಿಂದ ಒಡಲನ್ನು ಒಳಕೋಣೆಗೆ ಒಯ್ದು, ತೊಲೆಗೆ ತಂತಿಯಿಂದ ತೂಗುಹಾಕಿ ಬಾಗಿಲು ಮುಚ್ಚಿದರು. ಬಣ್ಣ ಮರುದಿನಕ್ಕೆ. ಆ ರಾತ್ರಿ ಮಾವ ಎರಡು ಸಲ ಎದ್ದು ಬಾಗಿಲ ಬಳಿ ಹೋದರಂತೆ, ತೆರೆಯಲಿಲ್ಲ.