ಡಂಡೀ ಪಟ್ಟಣದ ಒಂದು ಹಿತ್ತಲು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಟೇ ನದಿಯು ಸಮುದ್ರವನ್ನು ಸೇರುವೆಡೆ ಡಂಡೀ ಎಂಬ ಪಟ್ಟಣವಿದೆ. ಬಂಗಾಳದ ಸೆಣಬನ್ನು ಹಡಗುಗಳಲ್ಲಿ ತರಿಸಿ, ಗೋಣಿತಟ್ಟು ನೇಯ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಸಿರಿವಂತವಾದ ಊರಿದು. ಮಗಳ ಸಂಸಾರ ಅಲ್ಲಿರುವುದರಿಂದ 2022ರ ಬೇಸಿಗೆಯನ್ನು ನಾನು ಅಲ್ಲಿಯೇ ಕಳೆದೆ. ಜುಲೈ ಮೊದಲಲ್ಲಿ ಸೂರ್ಯಾಸ್ತವಾಗುವಾಗ ರಾತ್ರಿ ಹತ್ತು ಗಂಟೆ! ಸಂಜೆಯ ಪೂಜೆಗೆ ಕುಳಿತರೂ ಕಿಟಕಿಯಲ್ಲಿ ಬಿಸಿಲು ತುಂಬಿರುತ್ತಿತ್ತು.

ಈ ದೀರ್ಘವಾದ ಬೆಳಕು, ಆದರೂ ಸುಡದ ಹವೆ, ಇವೆರಡೂ ಕೂಡಿ ಆ ಸೀಮೆಯನ್ನು ರಾಸ್‌ಬೆರಿ ಹಣ್ಣಿನ ತವರನ್ನಾಗಿ ಮಾಡಿವೆ. ಉತ್ತರದ ಬ್ಲೇರ್‌ಗೌರಿಯ ಹೊಲಗಳಿಗೆ ಹಿಂದೆ ಡಂಡೀಯ ಬಡ ಕುಟುಂಬಗಳು ಮಕ್ಕಳುಮರಿಗಳೊಡನೆ ಹಣ್ಣು ಬಿಡಿಸಲು ಹೋಗುತ್ತಿದ್ದವು. ಆ ಹೊಲಗಳ ಮೇಲೆ ಬೆಲ್ ಸ್ಟೀವರ್ಟ್ ಎಂಬ ಜಾನಪದ ಗಾಯಕಿ ಕಟ್ಟಿದ ಹಾಡೊಂದು ಇಂದಿಗೂ ಪ್ರಸಿದ್ಧ. ಈಗ ಬೆಳೆಯೆಲ್ಲ ಬಹುಮಟ್ಟಿಗೆ ಪ್ಲಾಸ್ಟಿಕ್ ಹೊದಿಕೆಯ ಕಮಾನುಗಳ ಕೆಳಗೆ. ಮನೆಗಳ ಹಿತ್ತಲಲ್ಲಿ ಮಾತ್ರ ಹಳೆಯ ಕ್ರಮ ಉಳಿದಿದೆ.

ಮಗಳ ನೆರೆಮನೆಯಲ್ಲಿ ಎಂಬತ್ತು ದಾಟಿದ ವೃದ್ಧೆಯೊಬ್ಬರು ಒಂಟಿಯಾಗಿದ್ದರು. ಅವರ ಹಿತ್ತಲಲ್ಲಿ ದಿವಂಗತ ಪತಿ ನೆಟ್ಟ ರಾಸ್‌ಬೆರಿಯ ಒಂದು ಸಾಲು. ಮುಳ್ಳಿಲ್ಲದ ‘ಗ್ಲೆನ್ ಆ್ಯಂಪಲ್’ ತಳಿ. ಪ್ರತಿವರ್ಷ ಅದರಿಂದ ಜಾಮ್ ಮಾಡಿ ನೆರೆಹೊರೆಗೆ ಹಂಚುವುದು ಆ ತಾಯಿಯ ವ್ರತವೆಂದೇ ಹೇಳಬೇಕು. ಆಗಸ್ಟ್‌ನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಗೆ ಅವರು ಆಸ್ಪತ್ರೆ ಸೇರಿದಾಗ, ಗಿಡ ಸವರುವ ಕೆಲಸವನ್ನು ನಾನಾಗಿಯೇ ವಹಿಸಿಕೊಂಡೆ. ಬಾಲ್ಯದಲ್ಲಿ ಮಠದ ಮಲ್ಲಿಗೆ ಸವರಿದವನು, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಕಂಡವನು, ಯಾರನ್ನೂ ಕೇಳಬೇಕೆನಿಸಲಿಲ್ಲ.

ಸಾಲಿನಲ್ಲಿ ಎರಡು ಬಗೆಯ ಕೋಲುಗಳಿದ್ದವು. ಹಣ್ಣು ಕೊಟ್ಟು ಮುಗಿಸಿದ ಕಂದು ಬಣ್ಣದವು ಕೆಲವು. ಆಳೆತ್ತರ ಬೆಳೆದು ಒಂದು ಹಣ್ಣನ್ನೂ ಬಿಡದ ಹಸಿರು ಕೋಲುಗಳು ಹಲವು. ಹಸಿರಿನವು ಸಾರವನ್ನು ವ್ಯರ್ಥವಾಗಿ ಹೀರುತ್ತಿವೆಯೆಂದು ತೀರ್ಮಾನಿಸಿ ಒಂದನ್ನೂ ಬಿಡದೆ ಬುಡಕ್ಕೆ ಕತ್ತರಿಸಿದೆ. ಮನೆಗೆ ಮರಳಿದ ವೃದ್ಧೆ ಊರುಗೋಲನ್ನು ಊರಿ ಬಹಳ ಹೊತ್ತು ನೋಡಿದರು. “ಮುಂದಿನ ವರ್ಷ ಹಣ್ಣಿಲ್ಲ” ಎಂದಷ್ಟೇ ಹೇಳಿದರು.

ರಾಸ್‌ಬೆರಿಯ ಬೇರು ಬಹುಕಾಲ ಬದುಕುತ್ತದೆ. ಕೋಲಿನ ಆಯುಸ್ಸು ಎರಡೇ ವರ್ಷ. ಮೊದಲ ವರ್ಷ ಹಸಿರಾಗಿ ಬೆಳೆಯುತ್ತದೆ, ಚಳಿಗಾಲವನ್ನು ಕಳೆದು ಎರಡನೆಯ ಬೇಸಿಗೆಯಲ್ಲಿ ಹೂತು ಹಣ್ಣಾಗುತ್ತದೆ, ಬಳಿಕ ಸಾಯುತ್ತದೆ. ಗೊನೆ ಕೊಟ್ಟ ಬಾಳೆಯನ್ನು ಕಡಿದು ಕಂದನ್ನು ಉಳಿಸುವುದು ನಮ್ಮ ಹಳ್ಳಿಯ ಮಗುವಿಗೂ ಗೊತ್ತು. ದ್ರಾಕ್ಷಿಯನ್ನು ನೆನೆದ ನನಗೆ ಬಾಳೆ ನೆನಪಾಗಲಿಲ್ಲ! ನಾನು ಕಡಿದದ್ದು ಕಂದುಗಳನ್ನು.

ಆ ತಾಯಿ ಕೋಪಿಸಿಕೊಳ್ಳದೆ, ಕುರ್ಚಿಯಲ್ಲಿ ಕುಳಿತೇ ಎಲ್ಲವನ್ನೂ ತಿಳಿಸಿದರು. ಬೇಸಿಗೆಯ ಫಸಲು ಮುಗಿದೊಡನೆ ಹಣ್ಣು ಬಿಟ್ಟ ಕೋಲುಗಳನ್ನು ನೆಲಮಟ್ಟಕ್ಕೆ ಕತ್ತರಿಸಬೇಕು. ಪ್ರತಿ ಬುಡಕ್ಕೆ ಆರೆಂಟು ಗಟ್ಟಿ ಹೊಸ ಕೋಲುಗಳನ್ನು ಮಾತ್ರ ಉಳಿಸಿ, ಗಾಳಿಯಾಡುವಂತೆ ಸುಮಾರು ನಾಲ್ಕು ಅಂಗುಲ ಅಂತರದಲ್ಲಿ ತಂತಿಗೆ ಕಟ್ಟಬೇಕು. ದಟ್ಟವಾದರೆ ಬೂಷ್ಟು ಹಿಡಿಯುತ್ತದೆ. ತಂತಿಯನ್ನು ಮೀರಿದ ತುದಿಗಳನ್ನು ಫೆಬ್ರವರಿಯಲ್ಲಿ ಕತ್ತರಿಸಿದರೆ ಸಾಕು. ಸಾಲಿನಾಚೆ ಎದ್ದ ಮರಿಗಳನ್ನು ಕಿತ್ತೆಸೆಯಬೇಕು. ಆದರೆ ಬೇರು ಮೇಲ್ಪದರದಲ್ಲೇ ಹರಡುವುದರಿಂದ ಗುದ್ದಲಿ ಹಾಕಬಾರದು. ಶರತ್ಕಾಲದಲ್ಲಿ ಹಣ್ಣು ಬಿಡುವ ತಳಿಗಳ ರೀತಿಯೇ ಬೇರೆ: ಅವು ಆ ವರ್ಷದ ಕೋಲಿನಲ್ಲೇ ಫಲಿಸುವುದರಿಂದ ಫೆಬ್ರವರಿಯಲ್ಲಿ ಎಲ್ಲವನ್ನೂ ನೆಲಮಟ್ಟಕ್ಕೆ ಕಡಿಯುತ್ತಾರೆ. ಕತ್ತರಿ ಹಿಡಿಯುವ ಮುನ್ನ ತಳಿ ಯಾವುದೆಂದು ಕೇಳದಿದ್ದುದು ನನ್ನ ಎರಡನೆಯ ತಪ್ಪು.

2023ರ ಜುಲೈನಲ್ಲಿ ಮತ್ತೆ ಹೋದೆ. ಸಾಲಿನಲ್ಲಿ ಒಂದು ಹಣ್ಣೂ ಇರಲಿಲ್ಲ. ಆ ವರ್ಷ ಜಾಮ್ ಮಾಡಲು ವೃದ್ಧೆ ಅಂಗಡಿಯಿಂದ ಹಣ್ಣು ತಂದರು. ನಮಗೂ ಒಂದು ಶೀಶೆ ಬಂತು. ಅದನ್ನು ತಿನ್ನುವಾಗ ನನ್ನ ಗಂಟಲು ಕಟ್ಟಿತು.

ಬುಡದಿಂದ ಹೊಸ ಕೋಲುಗಳೇನೋ ಮತ್ತೆ ಎದ್ದಿದ್ದವು. ಆಗಸ್ಟ್‌ನಲ್ಲಿ ಅವರು ಕುರ್ಚಿಯಿಂದ ಊರುಗೋಲಿನಲ್ಲಿ ತೋರಿಸಿದ ಕೋಲುಗಳನ್ನಷ್ಟೇ, ತೋರಿಸಿದ ಅಂತರದಲ್ಲೇ, ನಾನು ಒಂದೊಂದಾಗಿ ತಂತಿಗೆ ಕಟ್ಟಿದೆ. ಕತ್ತರಿ ಅವರ ಮಡಿಲಲ್ಲಿತ್ತು.