ಚಿಂತಿ ಮತ್ತ ನಿದ್ದಿ ಗುಳಿಗಿ

ಚಿಂತಿ ಇಲ್ಲದಾಂವಗ ಸಂತ್ಯಾಗೂ ನಿದ್ದಿ ಅಂತ ಹಿರೇರು ಹೇಳ್ತಿದ್ರು. ಚಿಂತಿ ಇದ್ದಾಕಿಗೆ ಮೆತ್ತನ್ನ ಗಾದಿ ಮ್ಯಾಲೂ ನಿದ್ದಿ ಹತ್ತಂಗಿಲ್ಲ ಅನ್ನೋದನ್ನ ಅವರು ಹೇಳೋದು ಬ್ಯಾಡಾಗಿತ್ತು, ಅದು ನಮಗ ಗೊತ್ತ ಅದ. ನಮ್ಮ ಓಣ್ಯಾಗ ನನ್ನ ವಾರಿಗಿ ಹೆಣ್ಣಮಕ್ಕಳು ಕೂಡಿದ್ರ ಮೊದಲ ಮೊಣಕಾಲು ನೋವಿನ ಮಾತು, ಆಮ್ಯಾಲೆ ನಿದ್ದಿದು. "ನನ್ನ ಗುಳಿಗಿ ಅರ್ಧಾ ತಗೊಂಡು ನೋಡ್ರಿ, ಭಾಳ ಚಲೋ ಅದ" ಅಂತ ಉಪ್ಪಿನಕಾಯಿ ಕೊಟ್ಟಂಗ ಕೊಡ್ತಾರ. ಅದಕ್ಕ ಇದನ್ನ ಬರೀಲಿಕ್ಕತ್ತೀನಿ.

ನಮ್ಮ ವೈನಿ ಕಥಿ ಹೇಳ್ತೀನಿ, ಅವರನ್ನ ಕೇಳೇ ಬರದೀನಿ. ಅಣ್ಣ ತೀರಿಕೊಂಡ ಮ್ಯಾಲೆ ಅವರಿಗೆ ಕತ್ತಲಾತಂದ್ರ ಎದಿ ಡವಡವ. ಮಗ ದೂರದ ಊರಾಗ, ಮನಿ ಮ್ಯಾಲೆ ಸಾಲ, ಫೋನ್ ಹೊಡಕೊಂಡ್ರ ಏನ ಸುದ್ದಿನೋ ಅನ್ನೋ ಅಂಜಿಕಿ. ಡಾಕ್ಟ್ರು ಅಲ್ಪ್ರಾಜೋಲಾಮ್ ಗುಳಿಗಿ 15 ದಿನಕ್ಕ ಬರಕೊಟ್ರು. 15 ದಿನ ಹೋಗಿ 4 ವರ್ಷಾತು. ಈ ಗುಳಿಗಿ 2014ರಿಂದ ಶೆಡ್ಯೂಲ್ ಎಚ್1 ಪಟ್ಟ್ಯಾಗ ಅದ. ಡಾಕ್ಟ್ರ ಚೀಟಿ ಇಲ್ಲದ ಮಾರಬಾರದು, ಮಾರಿದ್ದನ್ನ ಬ್ಯಾರೆ ರಜಿಸ್ಟರಿನ್ಯಾಗ ಬರದಿಡಬೇಕು. ಆದ್ರ ಅಂಗಡ್ಯಾಂವ ಅದ ಹಳೇ ಚೀಟಿ ನೋಡಿ ಕೊಡ್ಕೋತ ಬಂದ.

ಮೊದಮೊದಲು ಚಂದ ನಿದ್ದಿ ಬಂತು. ಕೆಲವು ತಿಂಗಳಿಗೆ ಅರ್ಧಾ ಸಾಲಲಿಲ್ಲ, ಒಂದಾತು. ಹಗಲೆಲ್ಲಾ ಮಬ್ಬು, ಒಲಿ ಮ್ಯಾಲೆ ಹಾಲಿಟ್ಟಿದ್ದು ನೆನಪಿರ್ತಿರಲಿಲ್ಲ. ಒಂದು ರಾತ್ರಿ ಬಚ್ಚಲಕ್ಕ ಹೋಗೋವಾಗ ಜೋಲಿ ಹೋಗಿ ಬಿದ್ರು, ಪುಣ್ಯಕ್ಕ ಎಲುವು ಮುರೀಲಿಲ್ಲ. ಇಷ್ಟಾದ್ರೂ ಮಗನ ಚಿಂತಿ ಹೋಗಿರಲಿಲ್ಲ. ಅದರ ಮ್ಯಾಲೆ ಗುಳಿಗಿ ಚಿಂತಿ ಹೊಸಾದು ಬಂತು: ಎಷ್ಟ ಉಳದಾವ, ಐತವಾರ ಅಂಗಡಿ ತಗದಿರ್ತದೋ ಇಲ್ಲೋ.

ಒಂದು ಮದಿವಿಗೆ ಹೋದಾಗ ಗುಳಿಗಿ ತೀರಿ ಹೋದ್ವು. ಆ ರಾತ್ರಿ ಕೈ ನಡುಗಿ, ಮೈ ಬೆವತು, ಎದಿ ಬಾಯಿಗೆ ಬಂದಂಗಾತು. "ಗುಳಿಗಿ ಇಲ್ಲಂದ್ರ ನಾ ಬದುಕೂದಿಲ್ಲ" ಅಂದ್ರು. ಆಮ್ಯಾಲೆ ಮನೋವೈದ್ಯರ ಕಡೆ ಕರಕೊಂಡು ಹೋದ್ವಿ. ಅವರು ಹೇಳಿದ ಮಾತು ಎಲ್ಲಾರೂ ತಿಳಕೊಳ್ಳೋವಂಥಾದ್ದು: ಇದು ಬರೇ ಹಳೇ ಚಿಂತಿ ಅಲ್ಲ. ಮೈ ಗುಳಿಗಿಗೆ ಒಗ್ಗಿರ್ತದ, ಒಮ್ಮೆಲೆ ನಿಂತ್ರ ಒದ್ದಾಡ್ತದ. ಆ ಒದ್ದಾಟ ಥೇಟ್ ಚಿಂತಿ ಹಂಗ ಕಾಣಸ್ತದ. ನಾವು ಅದನ್ನ ಚಿಂತಿ ಅಂತ ತಿಳಕೊಂಡು ಮತ್ತ ಗುಳಿಗಿ ನುಂಗ್ತೀವಿ. ಗಾಣದ ಎತ್ತಿನಂಗ ಸುತ್ತಿದ್ದ ಸುತ್ತೋದು.

ಬಿಡಿಸಲಿಕ್ಕೆ 8 ತಿಂಗಳು ಹಿಡೀತು, ಚೂರು ಚೂರು ಕಡಿಮಿ ಮಾಡಿ. ಜೊತಿಗೆ ಚಿಂತಿಗೇ ಬ್ಯಾರೆ ಉಪಚಾರ, ಕೌನ್ಸೆಲಿಂಗ್ ನಡೀತು. ಸಂಜಿ 6ಕ್ಕ ಒಂದು ವಹಿ ಹಿಡದು ಚಿಂತಿ ಎಲ್ಲಾ ಬರಿಯೋದು, ಯಾವುದಕ್ಕ ನಾಳೆ ಏನು ಮಾಡಬಹುದು ಅಂತ ಬಾಜೂಕ ಬರಿಯೋದು. ಹೆಂಗ ಮಲಗಿದ್ರೂ ಮುಂಜಾನೆ ಅದ ಹೊತ್ತಿಗೆ ಏಳೋದು. ಮಧ್ಯಾಹ್ನದ ನಿದ್ದಿ, ಸಂಜಿ ಚಹಾ ಬಂದ್. ನಿದ್ದಿ ಹತ್ತಲಿಲ್ಲಂದ್ರ ಹಾಸಿಗ್ಯಾಗ ಹೊರಳಾಡದ ಎದ್ದು, ಸಣ್ಣ ದೀಪಕ್ಕ ಕೂತು ಹತ್ತಿ ಬತ್ತಿ ಹೊಸಿಯೋದು, ತೂಕಡಿಕಿ ಬಂದ್ರ ಹೋಗಿ ಮಲಗೋದು. ನಮ್ಮ ಮನಿ ದೇವರ ದೀಪಕ್ಕ ಒಂದು ವರ್ಷ ಬತ್ತಿ ಕೊಳ್ಳಲೇ ಇಲ್ಲ.

ಈಗೂ ಒಮ್ಮೊಮ್ಮೆ ಅವರಿಗೆ ನಿದ್ದಿ ಬರಂಗಿಲ್ಲ. ಆದ್ರ "ಇವತ್ತ ಬರಲಿಲ್ಲಂದ್ರ ನಾಳೆ ಬರ್ತದ ತಗೊ" ಅಂತಾರ. ಮೊದಲ ಈ ಮಾತು ಅವರ ಬಾಯಾಗ ಇರಲಿಲ್ಲ.

ಇದನ್ನ ಓದಿ ಯಾರೂ ಇವತ್ತ ರಾತ್ರಿನ ಗುಳಿಗಿ ಒಗೀಬ್ಯಾಡ್ರಿ. ಭಾಳ ದಿನದ್ದನ್ನ ಒಮ್ಮೆಲೆ ಬಿಟ್ರ ಫಿಟ್ಸ್ ಸುದ್ದಾ ಬರಬಹುದು. ಥೋಡೆ ದಿನಕ್ಕ ಅಂತ ಡಾಕ್ಟ್ರು ಕೊಟ್ರ ತಗೊಳ್ಳೋದ್ರಾಗ ತಪ್ಪೂ ಇಲ್ಲ. "ಎಷ್ಟ ದಿನ? ಬಿಡೋದು ಹೆಂಗ?" ಅಂತ ಮೊದಲ ಕೇಳ್ರಿ. ಒಬ್ಬರದನ್ನ ಇನ್ನೊಬ್ಬರು ನುಂಗಬ್ಯಾಡ್ರಿ. ಧಾರವಾಡದ ಡಿಮ್ಹಾನ್ಸಿಗೆ ಹೋದ್ರ "ಹುಚ್ಚರ ದವಾಖಾನಿಗೆ ಹೋದ್ಲು" ಅಂತಾರ ಅನ್ನೋ ಅಂಜಿಕಿ ಇದ್ರ, 2022ರಾಗ ಶುರುವಾದ ಸರಕಾರದ ಟೆಲಿ ಮಾನಸ್ ಅದ, ನಂಬರ್ 14416. ಫುಕಟ್, ರಾತ್ರಿನೂ ಎತ್ತತಾರ, ಕನ್ನಡದಾಗ ಮಾತಾಡ್ತಾರ. ಕ್ಯಾಲೆಂಡರಿನ ಮೂಲಿಗೆ ಬರದಿಟ್ಕೋರಿ.