ಸಾವಿರ ವ್ಯಾಟಿನ ಡಬ್ಬಿಗಳು

ಅಣ್ಣಿಗೇರಿಯಲ್ಲಿ ಕಂಪ್ಯೂಟರಿಗಿಂತ ಕಂಪ್ಯೂಟರ್ ಸ್ಪೀಕರುಗಳೇ ಹೆಚ್ಚು ಮಾರಾಟವಾದವು. ಕೇಳಿದವರಿಗೆ ತಮಾಷೆ ಅನ್ನಿಸಬಹುದು. ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನಮ್ಮಂಥವರ ಹೊಟ್ಟೆ ತುಂಬಿಸಿದ್ದು ಮಾತ್ರ ಅದೇ. ಕಂಪ್ಯೂಟರ್ ಇದ್ದದ್ದು ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯಲ್ಲಿ, ಟೈಪಿಂಗ್ ಕ್ಲಾಸ್ ಹೋಗಿ ಕಂಪ್ಯೂಟರ್ ಕ್ಲಾಸ್ ಆಗಿದ್ದ ಮಾಳಿಗೆಯ ಮೇಲೆ, ನಾಲ್ಕಾರು ಮಾಸ್ತರರ ಮನೆಯಲ್ಲಿ. ಸ್ಪೀಕರ್ ಓಣಿ ಓಣಿಗೂ ಹೋಯಿತು. ವಿಸಿಡಿ ಪ್ಲೇಯರಿಗೆ, ಬಣ್ಣದ ಟಿವಿಗೆ, ಆಮೇಲೆ ಮೊಬೈಲಿಗೆ. ಕೆಂಪು-ಬಿಳಿ ಪಿನ್ನಿನ ಒಂದು ಕಾರ್ಡು ಸಿಕ್ಕಿಸಿದರೆ ಮುಗಿಯಿತು, ಅದು ಯಾವುದಕ್ಕೆಂದು ಹುಟ್ಟಿದ್ದು ಅಂತ ಯಾರೂ ಕೇಳಲಿಲ್ಲ.

ಅದಕ್ಕೂ ಮೊದಲಿನ ಮಾತು ಸ್ವಲ್ಪ ಹೇಳಬೇಕು. ನಾನು ಕೆಲಸ ಕಲಿತದ್ದು ರೇಡಿಯೋ ರಿಪೇರಿಯ ಉಸ್ತಾದರೊಬ್ಬರ ಕೈಯಲ್ಲಿ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಈ ಕಡೆ ರೇಡಿಯೋ ಹೆಚ್ಚಿದವು ಎಂದು ಅವರು ಹೇಳುತ್ತಿದ್ದರು. ನಾನು ಸೇರುವ ಹೊತ್ತಿಗೆ ರೇಡಿಯೋ ಕಡಿಮೆಯಾಗಿ ಟೇಪ್‌ರೆಕಾರ್ಡರ್ ಕಾಲ ನಡೆದಿತ್ತು. ಕಂಪನಿ ಸೆಟ್ಟು ಕೊಳ್ಳುವ ಶಕ್ತಿ ಇಲ್ಲದವರಿಗೆ ನಾವೇ ಡೆಕ್ ಕಟ್ಟಿ ಕೊಡುತ್ತಿದ್ದೆವು. ಬಡಿಗೇರ ಹತ್ತಿರ ಪ್ಲೈವುಡ್ಡಿನ ಬಾಕ್ಸ್, ಹುಬ್ಬಳ್ಳಿಯಿಂದ ತಂದ ಸ್ಪೀಕರ್, 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಒಳಗೆ 4440 ಐಸಿ. ಎಲ್‌ಎ4440 ಎಂಬುದು ಅದರ ಪೂರ್ತಿ ಹೆಸರು, ಸಾನ್ಯೊ ಕಂಪನಿಯ ಹುಟ್ಟು. ಎರಡು ಚಾನೆಲ್ಲಿಗೆ ತಲಾ 6 ವ್ಯಾಟ್, ಎರಡನ್ನೂ ಬ್ರಿಜ್ ಮಾಡಿದರೆ 19. ಕರೆಂಟ್ ಹೋದರೆ ಟ್ರ್ಯಾಕ್ಟರ್ ಬ್ಯಾಟರಿಯ ಮೇಲೂ ನಡೆಯುತ್ತಿತ್ತು. ನವಲಗುಂದ ತಾಲೂಕಿನ ಯಾವ ಹಳ್ಳಿಗೆ ಹೋದರೂ ಆಗ ಆ ಐಸಿಯ ಸಪ್ಪಳ ಕೇಳದೆ ವಾಪಸ್ ಬರುವುದು ಕಷ್ಟವಿತ್ತು.

ಸೆಟ್ಟು ಒಯ್ಯಲು ಬಂದವರು ತಮ್ಮದೇ ಕ್ಯಾಸೆಟ್ ತರುತ್ತಿದ್ದರು. ಬಾಕಿನ ಮೇಲೆ ಕುಳಿತು, ಚಹಾ ಕುಡಿದು, ಪೂರ್ತಿ ಒಂದು ಬದಿ ಕೇಳುತ್ತಿದ್ದರು. ಭಜನಿ ಮೇಳದವರಿಗೆ ತಾಳ ಕಿವಿಗೆ ಚುಚ್ಚಬಾರದು, ಹಾರ್ಮೋನಿಯಂ ತುಂಬಿ ಬರಬೇಕು. ಪಾರಿಜಾತ ಆಟದ ಕ್ಯಾಸೆಟ್ ತಂದವರಿಗೆ ಮಾತು ಬಿಡಿಸಿ ಕೇಳಬೇಕು. "ದನಿ ಮೂಗಿನ್ಯಾಗಿಂದ ಬರಾಕತ್ತೈತಿ, ಸ್ವಲ್ಪ ಎದಿಯಿಂದ ಬರೂಹಂಗ ಮಾಡ್ರಿ" ಎಂದು ಒಬ್ಬ ರೈತ ಹೇಳಿದ್ದು ನೆನಪಿದೆ. ಉಸ್ತಾದರು ಒಂದು ಕಂಡೆನ್ಸರ್ ಬದಲಿಸಿದರು, ದನಿ ಎದೆಗೆ ಇಳಿಯಿತು. ವ್ಯಾಟ್ ಎಷ್ಟು ಎಂದು ಆಗ ಕೇಳಿದವರು ಮೈಕ್ ಸೆಟ್ಟಿನವರು ಮಾತ್ರ.

2000ದ ಆಚೀಚೆ ಹೊಲದ ದಾಖಲೆಯ ಭೂಮಿ ಯೋಜನೆಯ ಕಂಪ್ಯೂಟರ್ ನವಲಗುಂದದ ತಹಶೀಲ್ದಾರ್ ಕಚೇರಿಗೆ ಬಂತು. ಅಣ್ಣಿಗೇರಿ ಆಗ ಅದೇ ತಾಲೂಕಿನೊಳಗಿತ್ತು. ಉತಾರ ತೆಗೆಸಲು ಹೋದ ರೈತರು ಕಂಪ್ಯೂಟರಿನ ಮುಖ ನೋಡಿದ್ದು ಅಲ್ಲಿ. ಅದಕ್ಕೆ ಸ್ಪೀಕರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೈಸ್ಕೂಲುಗಳಿಗೆ ಮಾಹಿತಿ ಸಿಂಧು ಯೋಜನೆಯ ಯಂತ್ರಗಳು ಬಂದವು, ಊರ ಹುಡುಗರು ಕನ್ನಡ ಟೈಪಿಂಗಿನ ಬರಹ, ನುಡಿ ತಂತ್ರಾಂಶ ಕಲಿತರು, ಡಿಟಿಪಿ ಅಂಗಡಿ ತೆರೆದರು. ಅವರಿಗೆ ಬೇಸರ ಕಳೆಯಲು ಹಾಡು ಬೇಕಾಯಿತು. ಹಾಡಿನ ಹಿಂದೆಯೇ ಹುಬ್ಬಳ್ಳಿಯಿಂದ ರಟ್ಟಿನ ಡಬ್ಬಿಗಳು ಬಂದವು: ಇಂಟೆಕ್ಸ್, ಫ್ರಂಟೆಕ್, ಸ್ವಲ್ಪ ಹಣವಂತರಿಗೆ ಕ್ರಿಯೇಟಿವ್.

ಈ ಡಬ್ಬಿಗಳ ಮೇಲಿನ ಬರಹ ನಮ್ಮ ವ್ಯಾಪಾರದ ಮಾತನ್ನೇ ಬದಲಿಸಿಬಿಟ್ಟಿತು. ಅಂಗೈಯಗಲದ ಪ್ಲಾಸ್ಟಿಕ್ ಜೋಡಿಯ ಮೇಲೆ 600 ವ್ಯಾಟ್, 1000 ವ್ಯಾಟ್ ಎಂದು ದಪ್ಪಕ್ಷರ. ಪಕ್ಕದಲ್ಲಿ ಸಣ್ಣಗೆ ಪಿಎಂಪಿಒ. ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ಗರಿಷ್ಠ ಶಕ್ತಿ ಎಂದು ಅದರ ಅರ್ಥವಂತೆ. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ, ಹೀಗಾಗಿ ಯಾರು ಎಷ್ಟು ಬೇಕಾದರೂ ಬರೆಯಬಹುದು. ನಿಜವಾಗಿ ನಂಬಬೇಕಾದದ್ದು ಆರ್‌ಎಂಎಸ್, ಅಂದರೆ ತಾಸುಗಟ್ಟಲೆ ಬಾರಿಸಿದರೂ ನಿಲ್ಲುವ ಶಕ್ತಿ. ಅದನ್ನು ಬರೆದಿದ್ದರೆ ಡಬ್ಬಿಯ ತಳದಲ್ಲಿ, ಇರುವೆ ಅಕ್ಷರದಲ್ಲಿ. ಉಸ್ತಾದರು ಡಬ್ಬಿ ಬಿಚ್ಚಿ ಅಡಾಪ್ಟರ್ ತಿರುವಿ ಓದಿಸುತ್ತಿದ್ದರು: 9 ವೋಲ್ಟ್, 1 ಆಂಪಿಯರ್. "ಗುಣಾಕಾರ ಮಾಡಪಾ. ಒಂಬತ್ತು ಒಳಗ ಹೋಗತೈತಿ, ಸಾವಿರ ಹೊರಗ ಹೆಂಗ ಬರತೈತಿ?" ಗಿರಾಕಿ ನಗುತ್ತಿದ್ದ. ನಕ್ಕು, ಸಾವಿರದ್ದನ್ನೇ ಒಯ್ಯುತ್ತಿದ್ದ.

ಉಸ್ತಾದರಿಗೆ ಡಬ್ಬಿ ಓದುವ ಚಾಳಿಯೇ ಇರಲಿಲ್ಲ. ಮೊದಲು ಕೈಯಲ್ಲಿ ಎತ್ತಿ ತೂಗುತ್ತಿದ್ದರು. ಕಬ್ಬಿಣ, ತಾಮ್ರ ಸರಿಯಾಗಿ ಇರುವ ಟ್ರಾನ್ಸ್‌ಫಾರ್ಮರ್ ಹಗುರ ಇರುವುದು ಸಾಧ್ಯವಿಲ್ಲ, ಅಯಸ್ಕಾಂತ ದೊಡ್ಡದಿದ್ದರೆ ಡಬ್ಬಿ ಮುಂದಕ್ಕೆ ವಾಲುತ್ತದೆ. ಆಮೇಲೆ ಹಾಡು ಹಾಕದೆ ದನಿಯನ್ನು ಪೂರ್ತಿ ತಿರುವಿ ಕಿವಿ ಹಚ್ಚುತ್ತಿದ್ದರು. ಗುಂಯ್ ಎಂದು ಜೇನುಹುಳದ ಸಪ್ಪಳ ಬಂದರೆ ಫಿಲ್ಟರ್ ಕಂಡೆನ್ಸರಿನಲ್ಲಿ ಕಂಪನಿ ಕೈ ಬಿಗಿ ಮಾಡಿದೆ ಎಂದು ಲೆಕ್ಕ. ಕಡೆಗೆ ಮುಂದಿನ ಜಾಳಿಗೆ ತೆಗೆದು ಬೆರಳಿನಿಂದ ಪ್ರತಿಯೊಂದು ಕೋನನ್ನೂ ಒತ್ತಿ ನೋಡುವುದು. ಹೊರಗೆ ಮೂರು ಬೆಳ್ಳಿ ಬಟ್ಟಲು ಕಾಣುವ ಸ್ಪೀಕರಿನಲ್ಲಿ ಬಹಳ ಸಲ ಅಲುಗಾಡುತ್ತಿದ್ದದ್ದು ಒಂದೇ. ಉಳಿದೆರಡು ಅಚ್ಚು ಹೊಡೆದ ಪ್ಲಾಸ್ಟಿಕ್, ಹಿಂದೆ ವೈರೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ. ಒಮ್ಮೆ ಭಾರವಾದ ವೂಫರ್ ಡಬ್ಬಿಯೊಂದನ್ನು ಬಿಚ್ಚಿದಾಗ ತಳದಲ್ಲಿ ಸಿಮೆಂಟಿನ ಗಡ್ಡೆ ಸಿಕ್ಕಿತು. ಎತ್ತಿ ನೋಡುವವರು ನಮ್ಮಲ್ಲಷ್ಟೇ ಅಲ್ಲ, ಬೇರೆ ಕಡೆಯೂ ಇದ್ದಾರೆ ಎಂದು ಉಸ್ತಾದರಿಗೆ ಖುಷಿಯೇ ಆಯಿತು.

ಹಳೆಯ ಕೊಳವೆಯ ಮಾನಿಟರ್ ಇದ್ದಾಗ ಇನ್ನೊಂದು ತಕರಾರು. ಸ್ಪೀಕರನ್ನು ಪಕ್ಕಕ್ಕೇ ಇಟ್ಟರೆ ಪರದೆಯ ಮೂಲೆಯಲ್ಲಿ ನೇರಳೆ, ಹಸಿರು ಕಲೆ ಮೂಡುತ್ತಿತ್ತು. ಅಯಸ್ಕಾಂತಕ್ಕೆ ಕವಚ ಇರುವ ಸ್ಪೀಕರ್ ತುಟ್ಟಿ. ಹೊಸ ಮಾನಿಟರ್ ಕೆಟ್ಟಿತೆಂದು ಗಾಬರಿಯಾಗಿ ಓಡಿ ಬಂದವರಿಗೆ ಸ್ಪೀಕರನ್ನು ಒಂದು ಮೊಳ ದೂರ ಸರಿಸಿ, ಮೆನುವಿನಲ್ಲಿ ಡೀಗಾಸ್ ಒತ್ತಿ ತೋರಿಸಿದರೆ ಸಾಕು. ಅದಕ್ಕೆ ನಾವು ರೊಕ್ಕ ತೆಗೆದುಕೊಳ್ಳುತ್ತಿರಲಿಲ್ಲ.

ಆಮೇಲೆ 2.1 ಬಂತು. ಎರಡು ಸಣ್ಣ ಡಬ್ಬಿ, ಕೆಳಗೊಂದು ವೂಫರ್. ಆಗಸ್ಟ್-ಸೆಪ್ಟೆಂಬರಿನಲ್ಲಿ ಹೆಸರು ರಾಶಿಯಾಗಿ ಕೈಗೆ ರೊಕ್ಕ ಬಂದಾಗ, ಗಣಪತಿ ಹಬ್ಬದ ಎದುರಿಗೆ, ನಮ್ಮಲ್ಲಿ ಹೋಗುತ್ತಿದ್ದದ್ದು ಇವೇ. ಒಳ್ಳೆಯವುಗಳಲ್ಲಿ ಟಿಡಿಎ2030 ಐಸಿ ಮೂರು ಇರುತ್ತಿದ್ದವು, ಸುಟ್ಟರೆ ಬದಲಿಸುವುದೂ ಸುಲಭ. ಆದರೆ ಅಗ್ಗದ 2.1ರ ಮೇಲೆ ನನಗೆ ಅಂದಿನಿಂದ ಇಂದಿನವರೆಗೂ ಮನಸ್ಸಿಲ್ಲ. ಕಾರಣ ಹೇಳಬೇಕೆಂದರೆ ಕುಂದಗೋಳಕ್ಕೆ ಹೋಗಬೇಕು.

ಅಲ್ಲಿ ನಮ್ಮ ಬೀಗರ ಮನೆಯಲ್ಲಿ ಮಗನಿಗೆ ಕಂಪ್ಯೂಟರ್ ಕೊಡಿಸಿದ್ದರು. ಸ್ಪೀಕರ್ ಆರಿಸಿ ತಾ ಎಂದರು, ಮೂರು ತರಹದವು ಒಯ್ದಿದ್ದೆ. ಸವಾಯಿ ಗಂಧರ್ವರ ಊರು ಅದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡ ಊರು, ಭೀಮಸೇನ ಜೋಶಿಯವರು ಉಳಿದು ಕಲಿತ ಊರು. ನಾಡಗೀರ ವಾಡೆಯ ಸಂಗೀತೋತ್ಸವಕ್ಕೆ ಚಾಪೆ ಹಾಸಿ ಬೆಳತನಕ ಕೂಡುವ ಹಿರಿಯರು ಆ ಮನೆಯಲ್ಲೂ ಒಬ್ಬರಿದ್ದರು. ಹುಡುಗ ವೂಫರ್ ಹಚ್ಚಿ ಸಿನಿಮಾ ಹಾಡು ಹಾಕಿದ, ಗೂಡಿನಲ್ಲಿಟ್ಟ ಪಾತ್ರೆ ನಡುಗಿತು. ಅಜ್ಜ ಸುಮ್ಮನೆ ಕೇಳಿ, "ಭೀಮಣ್ಣಂದು ಹಚ್ಚು" ಅಂದರು. ಹಚ್ಚಿದೆ. ಅದೇ ಡಬ್ಬಿಯಲ್ಲಿ ತಂಬೂರಿಯೇ ಮಾಯ. ದನಿ ಎರಡು ತುಂಡಾಗಿ, ಕೆಳಗೆ ಗುಡುಗು, ಮೇಲೆ ಚೀರಾಟ. "ಗವಾಯಿ ನಡಕಟ್ಟ ಎಲ್ಲಿ ಹೋತೋ ತಮ್ಮಾ?" ಎಂದು ಕೇಳಿದರು.

ನಡ ಎಲ್ಲಿ ಹೋಗಿತ್ತು ಎಂಬುದು ಆಮೇಲೆ ನನಗೆ ತಿಳಿಯಿತು. ಅಗ್ಗದ ವೂಫರ್ 100 ಹರ್ಟ್ಸ್ ಆಸುಪಾಸಿನ ಒಂದೇ ಜಾಗದಲ್ಲಿ ಗುದ್ದುತ್ತದೆ. ಎರಡಿಂಚಿನ ಸಣ್ಣ ಕೋನು 300ರ ಕೆಳಗೆ ಇಳಿಯಲು ಏದುಸಿರು ಬಿಡುತ್ತದೆ. ನಡುವಿನ ಸಂದಿ ಖಾಲಿ. ಗಂಡುದನಿಯ ಮೈಕಟ್ಟು ಇರುವುದು ಆ ಸಂದಿಯಲ್ಲಿ. ಸಿನಿಮಾ ಹಾಡಿಗೆ ಇದು ಗೊತ್ತಾಗುವುದಿಲ್ಲ, ಡೋಲು ಗುದ್ದಿದರೆ ಸಾಕು. ನಾನು ಒಯ್ದ ಮೂರನೆಯದು ವೂಫರ್ ಇಲ್ಲದ ಬರೀ ಜೋಡಿ, ಕಟ್ಟಿಗೆ ಡಬ್ಬಿ, ಮೂರಿಂಚಿನ ಒಂದೊಂದೇ ಕೋನು, ಬಣ್ಣವೂ ಚಂದ ಇರಲಿಲ್ಲ. ತಂಬೂರಿ ಅದರಲ್ಲಿ ಕೇಳಿಸಿತು. ಅಜ್ಜ ಅದನ್ನೇ ಇಡಿಸಿದರು, ಮೊಮ್ಮಗ ಮುಖ ಊದಿಸಿಕೊಂಡ. ಅವತ್ತಿನಿಂದ ಕಡಿಮೆ ರೊಕ್ಕಕ್ಕೆ ಯಾರು ಕೇಳಿದರೂ ಕಟ್ಟಿಗೆಯ ಜೋಡಿ ಎನ್ನುತ್ತೇನೆ. ಹತ್ತರಲ್ಲಿ ಎಂಟು ಮಂದಿ ವೂಫರೇ ಬೇಕು ಅನ್ನುತ್ತಾರೆ.

ವೂಫರಿನ ನಿಜವಾದ ವೈರಿಗಳು ಬೇರೆ. ಗಾಳಿ ಹೊರಬರಲು ಬಿಟ್ಟ ತೂತಿನೊಳಗೆ ಇಲಿ ಹೊಕ್ಕು ಅರಳೆ, ಜೋಳದ ರವದಿ ತುಂಬಿ ಮನೆ ಮಾಡುತ್ತಿದ್ದವು. ಕೋನಿನ ಅಂಚಿನ ಫೋಮು ಎರಿ ಮಣ್ಣಿನ ಧೂಳು, ಬಿಸಿಲಿಗೆ ನಾಲ್ಕೈದು ವರ್ಷದಲ್ಲಿ ಪುಡಿಪುಡಿ. ಅದಕ್ಕೇ ರಬ್ಬರ್ ಅಂಚಿನದು ನೋಡಿ ಕೊಳ್ಳಿ ಎನ್ನುತ್ತಿದ್ದೆವು. ಇನ್ನು ಕರೆಂಟು. ಅಗ್ಗದ ಸೆಟ್ಟುಗಳಲ್ಲಿ ಸ್ವಿಚ್ ಇರುತ್ತಿದ್ದದ್ದು ಟ್ರಾನ್ಸ್‌ಫಾರ್ಮರ್ ಆದ ಮೇಲೆ. ಸ್ವಿಚ್ ಆರಿಸಿದರೂ ಅದು ಹಗಲು ರಾತ್ರಿ ಕಾಯುತ್ತಲೇ ಇರುತ್ತಿತ್ತು. ಗಾಳಿಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಕಟ್ಟಾದ ರಾತ್ರಿ 230ರ ಜಾಗಕ್ಕೆ 400ರ ಹತ್ತಿರ ವೋಲ್ಟ್ ನುಗ್ಗಿ, ಮರುದಿನ ಮುಂಜಾನೆ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಡಬ್ಬಿಗಳ ಸಾಲು. ಟ್ರಾನ್ಸ್‌ಫಾರ್ಮರ್ ಹೊಸದಾಗಿ ಸುತ್ತಿ ಹಾಕುತ್ತಿದ್ದೆವು. ಅಂಥ ದಿನಗಳಲ್ಲಿ ಉಸ್ತಾದರು ಊಟಕ್ಕೆ ಮನೆಗೆ ಹೋದದ್ದೇ ಇಲ್ಲ.

ಮೊಬೈಲ್ ಬಂದ ಹೊಸದರಲ್ಲಿ ಕಂಪ್ಯೂಟರ್ ಸ್ಪೀಕರಿಗೆ ಭವಿಷ್ಯ ಹೇಳುವ ಶಕ್ತಿ ಬಂತು. ಪಕ್ಕದಲ್ಲಿಟ್ಟ ಫೋನು ರಿಂಗಾಗುವ ಮೊದಲೇ ಟಿಟ್-ಟಿಟ್-ಟಿಟ್ ಎನ್ನುತ್ತಿತ್ತು. ಜಿಎಸ್‌ಎಂ ಫೋನು ತನ್ನ ಸಿಗ್ನಲ್ಲನ್ನು ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಕಳಿಸುತ್ತದೆ, ಕವಚವಿಲ್ಲದ ಆಂಪ್ಲಿಫೈಯರ್ ಅದನ್ನೇ ಹಾಡೆಂದು ತಿಳಿಯುತ್ತದೆ. "ಯಾರೋ ಫೋನ್ ಮಾಡಾಕತ್ತಾರ ನೋಡ್ರಿ" ಎಂದು ಅಂಗಡಿಯಲ್ಲಿದ್ದವರೆಲ್ಲ ತಮ್ಮ ಕಿಸೆ ಮುಟ್ಟಿಕೊಳ್ಳುತ್ತಿದ್ದರು.

ಅದೇ ಮೊಬೈಲ್ ನಮಗೆ ಸುಗ್ಗಿ ತಂದದ್ದು ಮೆಮೊರಿ ಕಾರ್ಡಿನಿಂದ. ನವಲಗುಂದ, ಕಲಘಟಗಿ, ಕುಂದಗೋಳ, ಎಲ್ಲ ಕಡೆ ಬಸ್ ಸ್ಟ್ಯಾಂಡ್ ಸುತ್ತ ಹಾಡು ತುಂಬಿಸುವ ಅಂಗಡಿಗಳು ಎದ್ದವು. ಒಂದು ಕಂಪ್ಯೂಟರ್, ಕಾರ್ಡ್ ರೀಡರ್, ಬಾಗಿಲಿಗೆ ಮುಖ ಮಾಡಿದ ವೂಫರ್. ಜನಪದ, ಭಜನಿ ಪದ, ಕಾಮಣ್ಣನ ಹಬ್ಬಕ್ಕೆ ಹೋಳಿ ಹಾಡು, 10-20 ರೂಪಾಯಿಗೆ ಕಾರ್ಡ್ ತುಂಬ. ಆ ಹಾಡಿನ ಮೇಲೆ ಹಕ್ಕು ಯಾರದ್ದೆಂದು ಕೊಡುವವನೂ ಯೋಚಿಸಲಿಲ್ಲ, ಕೊಳ್ಳುವವನೂ ಕೇಳಲಿಲ್ಲ. ಪಾಪ, ಕ್ಯಾಸೆಟ್ ಕಂಪನಿಗೆ ಹಾಡಿದ ಜನಪದ ಕಲಾವಿದರಿಗೆ ಅದರಲ್ಲಿ ಒಂದು ಪೈಸೆ ಮುಟ್ಟಲಿಲ್ಲ. ಆ ಅಂಗಡಿಗಳ ಸ್ಪೀಕರ್ ಮುಂಜಾನೆಯಿಂದ ಸಂಜೆತನಕ ಕಿರುಚಿ ತಿಂಗಳಿಗೊಮ್ಮೆ ಕಾಯಿಲ್ ಸುಟ್ಟುಕೊಂಡು ನಮ್ಮ ಮೇಜಿಗೆ ಬರುತ್ತಿತ್ತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಹಾಡು ಕೈಯಲ್ಲೇ ಸಿಕ್ಕಿತು, ಕಾರ್ಡ್ ತುಂಬಿಸುವ ಅಂಗಡಿಗಳು ರೀಚಾರ್ಜ್, ಜೆರಾಕ್ಸ್ ಎಂದು ಬೋರ್ಡು ಬದಲಿಸಿದವು. 4ಜಿ ಫೋನಿಗೆ ಆ ಟಿಟ್-ಟಿಟ್ ಇಲ್ಲ. ಅದೇ ಸುಮಾರಿಗೆ ಬ್ಲೂಟೂತ್ ಡಬ್ಬಿ ಅಗ್ಗವಾಯಿತು. ಉಸ್ತಾದರು ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದರು. ಆದರೂ ಒಂದನ್ನು ಕೈಗೆ ಕೊಟ್ಟಾಗ ಅಭ್ಯಾಸದಂತೆ ಎತ್ತಿ ತೂಗಿ, "ಇದರಾಗ ಏನೂ ಇಲ್ಲಲೇ" ಅಂದರು. ಏನೂ ಇರಲಿಲ್ಲ ಎಂಬುದು ಸುಳ್ಳು. ಟ್ರಾನ್ಸ್‌ಫಾರ್ಮರ್ ಇಲ್ಲ, ಹೀಗಾಗಿ ಗುಂಯ್ ಎನ್ನುವ ಸಪ್ಪಳವೂ ಇಲ್ಲ. ಉಗುರಿನಷ್ಟು ಚಿಪ್ಪು ಕಾಯದೆ ಕೆಲಸ ಮಾಡುತ್ತದೆ. ಅದನ್ನು ನಾನು ಹೊಗಳುತ್ತೇನೆ. ಕೆಟ್ಟರೆ ಬಿಚ್ಚಲು ಬರುವುದಿಲ್ಲ, ಮುಚ್ಚಳವನ್ನು ಅಂಟಿಸಿರುತ್ತಾರೆ, ಬ್ಯಾಟರಿ ಉಬ್ಬಿದರೆ ಬಿಸಾಡುವುದೇ ದಾರಿ. ಅದನ್ನು ಹೊಗಳಲಾರೆ.

2020ರಲ್ಲಿ ಶಾಲೆ ಮುಚ್ಚಿ ಪಾಠ ಫೋನಿನಲ್ಲಿ ನಡೆದಾಗ ಅಟ್ಟದ ಮೇಲಿದ್ದ ಹಳೆಯ ಜೋಡಿ ಸ್ಪೀಕರುಗಳು ಮತ್ತೆ ಕೆಳಗಿಳಿದವು. ಮೂರು ಮಕ್ಕಳಿಗೆ ಒಂದೇ ಫೋನು, ದನಿ ಎಲ್ಲರಿಗೂ ಕೇಳಬೇಕಲ್ಲ. ಸಿಕ್ಕಿಸುವ ವೈರು ಕೇಳಿಕೊಂಡು ಬಂದವರಿಗೆ ಹುಡುಕಿ ಕೊಟ್ಟೆ.

ಈಗ ಗಿರಾಕಿ ಡಬ್ಬಿ ತರುವುದಿಲ್ಲ, ಫೋನಿನಲ್ಲಿ ಚಿತ್ರ ತೋರಿಸಿ "ಇದು ಚಲೋ ಐತೇನ್ರಿ?" ಎನ್ನುತ್ತಾನೆ. ನಕ್ಷತ್ರ ನಾಲ್ಕೂವರೆ ಇರುತ್ತದೆ. ಎತ್ತಿ ನೋಡುವಂತಿಲ್ಲ, ಒತ್ತಿ ನೋಡುವಂತಿಲ್ಲ. ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಮೊನ್ನೆ ಹಾಗೆಯೇ ಬಂದಿದ್ದಳು, ಲ್ಯಾಪ್‌ಟಾಪಿನಲ್ಲಿ ಪಾಠ ಕೇಳಲು 600 ರೂಪಾಯಿ ಒಳಗೆ ಬೇಕಂತೆ. ಯುಎಸ್‌ಬಿಗೆ ಸಿಕ್ಕಿಸುವ ಜೋಡಿ, 10 ವ್ಯಾಟ್ ಎಂದು ಬರೆದಿತ್ತು. ಸಾಮಾನ್ಯ ಯುಎಸ್‌ಬಿ ತೂತಿನಿಂದ ಸಿಗುವುದು 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಗುಣಾಕಾರ ಮಾಡಿ ತೋರಿಸಿದೆ. "ಪಾಠ ಕೇಳಾಕ ಎರಡೂವರಿ ಸಾಲೂದಿಲ್ಲೇನ್ರಿ?" ಎಂದಳು. ಸಾಕು ಎಂದೆ. ಅಲ್ಲೇ ನಿಂತು ಆರ್ಡರ್ ಮಾಡಿದಳು.